ರುದ್ರಸ್ವಾಮಿ ಎಕ್ಕ ನೆಟ್ಟ ಪ್ರಸಂಗ

ಇದು ಹಂಪಾಪುರಕ್ಕೆ ಎರಡು ಕೂಗಳತೆ ದೂರದ ಒಂದು ಊರಿನಲ್ಲಿ ನಡೆದದ್ದೆಂದು ಹೇಳುತ್ತಾರೆ. ಯಾವ ಊರು ಎಂದು ಕೇಳಿದರೆ ಸಂತೆಯಲ್ಲಿ ಕೂತವರು, "ನಮ್ಮೂರಲ್ಲ ಕಣ್ರೀ, ಪಕ್ಕದೂರು" ಎನ್ನುತ್ತಾರೆ. ಪಕ್ಕದೂರಿಗೆ ಹೋದರೆ ಅಲ್ಲಿಯೂ ಅದೇ ಉತ್ತರ. ಹೀಗೆ ಪಕ್ಕದೂರುಗಳನ್ನೇ ಹಿಡಿದು ನಡೆದವರು ಸುತ್ತಿ ಬಳಸಿ ಹಂಪಾಪುರದ ಸಂತೆಮಾಳಕ್ಕೇ ಬಂದು ನಿಲ್ಲಬೇಕಾಗುತ್ತದೆ. ಗಿಡಗಳ ಸಂಖ್ಯೆಯಲ್ಲಿಯೂ ಪಾಠಾಂತರಗಳುಂಟು. ಹಂಪಾಪುರದ ಕಡೆ ಐದು ಎನ್ನುತ್ತಾರೆ, ಹುಣಸೂರಿನಲ್ಲಿ ಒಂಬತ್ತು, ಕಂಪಲಾಪುರದ ಜಗಲಿಗಳಲ್ಲಿ ಇಪ್ಪತ್ತೊಂದು. ಗಿಡದ ಜಾತಿಯ ವಿಷಯದಲ್ಲಿ ಮಾತ್ರ ಎಲ್ಲರೂ ಒಂದೇ ಮಾತು: ಅದು ಎಕ್ಕ. ಐದು ಎಂಬ ಪಾಠವೇ ಮೂಲಕ್ಕೆ ಹತ್ತಿರವಾದ್ದರಿಂದ ಇಲ್ಲಿ ಅದನ್ನೇ ಹಿಡಿಯಲಾಗಿದೆ.

ರುದ್ರಸ್ವಾಮಿಗೆ ಆ ಊರಿನಲ್ಲಿ ಬೆಲ್ಲ, ಉಪ್ಪು, ಸೀಮೆಎಣ್ಣೆಯ ಒಂದು ಅಂಗಡಿ. ಮೈಸೂರಿನಿಂದ ಒಂದು ದಿನ ತಡವಾಗಿ ಬರುತ್ತಿದ್ದ ಪತ್ರಿಕೆ ಆ ಅಂಗಡಿಯಲ್ಲಿ ಮೊದಲು ಓದಿಸಿಕೊಂಡು, ಆಮೇಲೆ ಬೆಲ್ಲಕ್ಕೆ ಪೊಟ್ಟಣವಾಗುತ್ತಿತ್ತು. ಓದುತ್ತಿದ್ದವನು ರುದ್ರಸ್ವಾಮಿಯೇ ಆದ್ದರಿಂದ ಲೋಕದಲ್ಲಿ ತನಗೆ ತಿಳಿಯದ್ದು ಉಳಿದಿಲ್ಲವೆಂದು ಅವನು ಬಗೆದಿದ್ದ. 'ಗೊತ್ತಿಲ್ಲ' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿರಲಿಲ್ಲ. ಯಾರಾದರೂ ಒಂದು ಮಾತನ್ನು ಅರ್ಧ ಆಡುವಷ್ಟರಲ್ಲಿ, "ಗೊತ್ತಾಯ್ತು ಬುಡಿ" ಎಂದು ಉಳಿದರ್ಧವನ್ನು ತಾನೇ ಪೂರೈಸಿಬಿಡುತ್ತಿದ್ದ. ಅರ್ಧ ಸೇರು ಅವಲಕ್ಕಿ ಕೇಳಲು ಬಂದವರು ಅನೇಕ ಸಲ ಅರ್ಧ ಸೇರು ಉಪ್ಪಿನೊಂದಿಗೆ ಮನೆ ಸೇರಿದ್ದುಂಟು.

ಅವನ ಮೊದಲ ಹೆಂಡತಿ ಚಳಿಜ್ವರಕ್ಕೆ ತುತ್ತಾಗಿದ್ದಳು. ಕೋಟೆ ತಾಲ್ಲೂಕಿನ ಚಳಿಜ್ವರವೆಂದರೆ ಆ ಕಾಲದಲ್ಲಿ ಹೊರಗಿನವರು ಹೆಣ್ಣು ಕೊಡಲು ಹೆದರುತ್ತಿದ್ದರು. ಆದರೂ ಕಂಪಲಾಪುರದ ಹೊಗೆಸೊಪ್ಪಿನ ವ್ಯಾಪಾರಿ ಮಹದೇವಪ್ಪನವರು ಧೈರ್ಯಮಾಡಿ ತಮ್ಮ ಮಗಳು ನೀಲಾಂಬಿಕೆಯನ್ನು ಎರಡನೆಯ ಸಂಬಂಧವಾಗಿ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ತೌರಿಗೆ ಹೋದ ನೀಲಾಂಬಿಕೆ ಹೆಣ್ಣುಮಗುವನ್ನು ಹೆತ್ತಳು. ಐದನೆಯ ತಿಂಗಳಿಗೆ ತಾಯಿಮಗುವನ್ನು ಕರೆತರಲು ರುದ್ರಸ್ವಾಮಿ ಹೊಸ ಪಂಚೆ ಉಟ್ಟು ಕಂಪಲಾಪುರಕ್ಕೆ ಹೋದ.

ಮಾವ ಎಲೆಅಡಿಕೆ ಕೊಟ್ಟು ಕೂರಿಸಿದರು. ಆಮೇಲೆ ಹೇಳಿದರು: "ಅಳಿಯಂದ್ರೆ, ಸ್ವಲ್ಪ ತೋಳು ಮೇಲೆತ್ತಿ."

ರುದ್ರಸ್ವಾಮಿ ಅಂಗಿಯ ತೋಳನ್ನು ಮಡಿಸಿದ.

"ಇದೇನು ತೋಳೋ, ರಾಗಿ ಒಕ್ಕಿದ ಕಣವೋ? ಇಷ್ಟು ದೊಡ್ಡ ಆಳನ್ನೇ ಈ ಪಾಟಿ ಕಚ್ಚವೆ. ನನ್ನ ಮೊಮ್ಮಗಳು ಅಂಗೈಯಗಲ ಅವಳೆ. ಮೊದಲ್ನೆಯವಳಿಗೆ ಏನಾಯ್ತು ಅಂತ ನಿಮಗೆ ನಾನು ನೆನಪು ಮಾಡಬೇಕಾ? ನಿಮ್ಮೂರ ಸೊಳ್ಳೆಗೊಂದು ದಾರಿ ಕಾಣಿಸೋಗಂಟ ತಾಯೀನೂ ಬರಾಕಿಲ್ಲ, ಮಗೀನೂ ಬರಾಕಿಲ್ಲ."

"ಸೊಳ್ಳೆ ತಾನೆ? ಗೊತ್ತು ಬುಡಿ ಮಾವ," ಎಂದ ರುದ್ರಸ್ವಾಮಿ.

ಬಾಗಿಲ ಹಿಂದೆ ನಿಂತಿದ್ದ ನೀಲಾಂಬಿಕೆ ಮಗುವನ್ನು ಅವನ ಕೈಗೆ ಕೊಟ್ಟು, "ಗೊತ್ತು ಅಂದ್ರೆ ಸಾಲ್ದು. ದೀಪಾವಳಿಯೊಳಗೆ ಏನಾದ್ರೂ ಮಾಡಿ. ನಂಗೆ ಇಲ್ಲಿ ಬೇಜಾರು," ಎಂದಳು. ಮಗು ಅವನ ಮೀಸೆಯನ್ನು ಹಿಡಿದು ಎಳೆಯಿತು. ಬಸ್ಸಿನಲ್ಲಿ ಊರಿಗೆ ಬರುವವರೆಗೂ ಅವನು ಮೀಸೆ ಮುಟ್ಟಿಕೊಳ್ಳುತ್ತಲೇ ಇದ್ದ.

ಅಂದಿನಿಂದ ಅವನು ಸೊಳ್ಳೆಯ ಮೇಲೆ ಸಮರ ಸಾರಿದ. ಪತ್ರಿಕೆಯಲ್ಲಿ ಓದಿ ಅಂಗಳದ ತುಂಬ ಚೆಂಡುಹೂ ಹಾಕಿದ. ಅದನ್ನು ಪಕ್ಕದ ಮನೆಯ ಮೇಕೆ ಮೇಯ್ದು, ಎರಡು ದಿನ ಸೊಳ್ಳೆಯಿಲ್ಲದೆ ಸುಖವಾಗಿತ್ತು. ಮಜ್ಜಿಗೆ ಹುಲ್ಲು ತಂದು ನೆಟ್ಟ. ತಾಯಿ ಪುಟ್ಟಮಲ್ಲಮ್ಮ ಅದನ್ನು ಬುಡಸಮೇತ ಕೊಯ್ದು ಮಜ್ಜಿಗೆಗೆ ಹಾಕಿ, "ಘಮ್ಮಂತದೆ, ಇನ್ನೊಂಚೂರು ತಾ" ಎಂದಳು. ತುಳಸಿಯನ್ನು ಸಾಲಾಗಿ ನೆಟ್ಟಾಗ ಮಾತ್ರ ಮಠದ ಅಯ್ಯನವರು ದಾರಿಯಲ್ಲಿ ನಿಂತು, "ಏನಪ್ಪಾ, ವಿಭೂತಿ ಬುಟ್ಟು ನಾಮ ಹಾಕೋ ಯೋಚ್ನೆನಾ?" ಎಂದು ಕೇಳಿದರು. ತುಳಸಿ ಅಂದೇ ಸಂಜೆ ನಾಮ ಹಾಕುವ ರಾಯರೊಬ್ಬರ ಮನೆಗೆ ಹೋಯಿತು.

ಆಗ ಸೊಳ್ಳೆಗೆ ಮದ್ದು ಹೇಳಲು ಬಂದವಳು ಮುತ್ತಿ.

ಮುತ್ತಿ ಕಾಡಂಚಿನ ಗಿರಿಜನರ ಹಾಡಿಯವಳು. ಸಂತೆಗೆ ಜೇನು, ಕಾಡುಗೆಣಸು ತರುತ್ತಿದ್ದಳು. ನಾಟಿಮದ್ದಿನಲ್ಲಿ ಅವಳ ಕೈಗುಣವನ್ನು ಕೋಟೆಯಿಂದ ಹುಣಸೂರಿನವರೆಗೂ ಬಲ್ಲರು. ಆದರೆ ಮದ್ದು ಕೊಡುವವರಿಗೆ ಒಂದು ಕಟ್ಟುಪಾಡುಂಟು. ಗಿಡದ ಹೆಸರು ಹೇಳಬಾರದು, ಹೇಳಿದರೆ ಮದ್ದಿನ ಶಕ್ತಿ ಇಳಿದುಹೋಗುತ್ತದೆ. ಗುರುತು ಹೇಳಬಹುದು, ಹೆಸರು ಹೇಳುವಂತಿಲ್ಲ. ಕೇಳುವವನು ತಾಳ್ಮೆಯಿಂದ ಕೇಳಿ ತಿಳಿದುಕೊಳ್ಳಬೇಕು. ಇಂಥ ವಿದ್ಯೆಯನ್ನು ರುದ್ರಸ್ವಾಮಿಗೆ ಹೇಳಹೊರಟದ್ದು ಮುತ್ತಿಯ ತಪ್ಪೋ, ಅವಳ ಹಣೆಬರಹವೋ, ನಿರ್ಣಯಿಸುವುದು ಕಷ್ಟ.

"ಕೇಳ್ಕಳಿ ಬುದ್ದೀ," ಎಂದಳು ಮುತ್ತಿ, ಜೇನಿನ ಗಡಿಗೆಯನ್ನು ಜಗಲಿಯ ಮೇಲಿಟ್ಟು. "ಬಿತ್ತೋರಿಲ್ಲ, ನೀರ್ ಹಾಕೋರಿಲ್ಲ, ತಾನಾಗೇ ಬೆಳೀತದೆ. ದನ ಮೂಸಿ ಬುಟ್ಬುಡ್ತದೆ. ಎಲೆ ಬೆನ್ನು ಬೂದಿ ಬಳ್ದಂಗೆ ಬೆಳ್ಳಗೆ. ಹೂವು ಊದಾ ಬಣ್ಣ..."

"ಗೊತ್ತಾಯ್ತು!" ಎಂದ ರುದ್ರಸ್ವಾಮಿ.

"ಇನ್ನೂ ಮುಗೀನಿಲ್ಲ ಬುದ್ದೀ. ಸಂಜೇಲಿ ಓಗಿ ಅರಿಸಿನ ದಾರ ಕಟ್ಟಿ, ಎಲೆಅಡಿಕೆ ಮಡಗಿ, 'ನಾಳೆ ಮನೇಗೆ ಬಾ' ಅಂತ ಕರೀಬೇಕು. ಬೆಳಿಗ್ಗೆ ಎದ್ದು ತಂದು ಮನೆ ಮುಂದೆ ನೆಡಬೇಕು. ಚಿಗುರು ಬರೋಗಂಟ ಯಾಕೆ ನೆಟ್ಟೆ ಅಂತ ನರಪಿಳ್ಳೆಗೂ ಬಾಯಿ ಬುಡ್ಬಾರ್ದು. ಚಿಗುರು ಬಂದ್ ಮೇಲೆ ದಿನಾ ದೀಪದೊತ್ತಿಗೆ ಎಲೆಯ ಕೆಂಡದ್ ಮೇಲೆ ಹಾಕಿ. ಇನ್ನ ಎಲೆ ಎಂಗಿರ್ತದೆ ಅಂದ್ರೆ..." ಮುತ್ತಿ ಬಲಗೈಯನ್ನು ಮೇಲೆತ್ತಿ ಐದೂ ಬೆರಳುಗಳನ್ನು ಅಗಲಿಸಿ ಹಿಡಿದಳು. "ದೂರ ಓಗ್ಬ್ಯಾಡಿ, ನಿಮ್ಮ..."

"ಗೊತ್ತಾಯ್ತು ಬುಡು ಮುತ್ತವ್ವ, ಐದು! ಸಂತೆಗೆ ಹೊತ್ತಾಯ್ತು ನಿಂಗೆ, ನಡಿ!"

ಮುತ್ತಿ ಅಗಲಿಸಿದ ಬೆರಳುಗಳನ್ನು ಒಂದು ಕ್ಷಣ ಗಾಳಿಯಲ್ಲಿ ಹಾಗೆಯೇ ಹಿಡಿದಿದ್ದು, ಆಮೇಲೆ ಮಡಿಸಿಕೊಂಡು ಸಂತೆಗೆ ಹೋದಳು.

ರುದ್ರಸ್ವಾಮಿ ಯೋಚಿಸಿದ. ದನ ತಿನ್ನದ್ದು, ಎಲೆಗೆ ಬೂದಿ ಬಳಿದಂತಿರುವುದು, ಊದಾ ಹೂವಿನದು, ಯಾರೂ ಬಿತ್ತದೆ ಬೆಳೆಯುವುದು. ಎಕ್ಕವಲ್ಲದೆ ಇನ್ನೇನು! ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಎಕ್ಕವೆಂದರೆ ನಮ್ಮ ಸೀಮೆಯಲ್ಲಿ ಸಾಧಾರಣ ಗಿಡವಲ್ಲ. ದೇವರ ತಲೆಯ ಮೇಲೆ ಅದರ ಹೂವಿಗೆ ಜಾಗವುಂಟು, ಮನೆಯಂಗಳದಲ್ಲಿ ಗಿಡಕ್ಕೆ ಜಾಗವಿಲ್ಲ. ಹಾಳಾಗಿಹೋಗು ಎನ್ನುವುದಕ್ಕೆ ಹೆಂಗಸರು 'ಎಕ್ಕುಟ್ಟೋಗ' ಎಂದೇ ಬೈಯುವುದು. ಅದಕ್ಕಿಂತ ಮುಖ್ಯವಾದ ಸಂಗತಿ ಮದುವೆಯದು. ಮೂರನೆಯ ಮದುವೆ ಗಂಡಸಿಗೆ ಕೂಡಿಬರುವುದಿಲ್ಲವೆಂದು ಹಿರಿಯರ ನಂಬಿಕೆ. ಆದ್ದರಿಂದ ಎರಡು ಮದುವೆ ಕಂಡವನು ಮತ್ತೊಂದು ಹೆಣ್ಣು ತರುವ ಮುಂಚೆ ಮೂರನೆಯ ತಾಳಿಯನ್ನು ಎಕ್ಕದ ಗಿಡಕ್ಕೆ ಕಟ್ಟಿ, ಕೇಡನ್ನು ಅದರ ಮೇಲೆ ಕಳೆದು, ಬರುವವಳನ್ನು ನಾಲ್ಕನೆಯವಳೆಂದು ಲೆಕ್ಕಹಾಕುತ್ತಿದ್ದ. ಇದು ಊರಿನ ಕೂಸಿಗೂ ಗೊತ್ತಿದ್ದ ವಿಷಯ. ರುದ್ರಸ್ವಾಮಿಗೂ ಗೊತ್ತಿತ್ತು. ಆದರೆ ಸೊಳ್ಳೆಯ ಯೋಚನೆ ತಲೆಯನ್ನು ತುಂಬಿದ್ದರಿಂದ ಅದಕ್ಕೆ ಅಲ್ಲಿ ಕೂರಲು ಸ್ಥಳ ಸಿಗಲಿಲ್ಲ.

ಅಂದು ಸಂಜೆ ಕೆರೆ ಏರಿಯ ಮೇಲೆ ಐದು ಎಳೆಯ ಎಕ್ಕದ ಗಿಡಗಳನ್ನು ಆರಿಸಿ, ಒಂದೊಂದಕ್ಕೂ ಅರಿಸಿನ ದಾರ ಕಟ್ಟಿ, ಎಲೆಅಡಿಕೆ ಇಟ್ಟು, ಕೈಮುಗಿದು, "ನಾಳೆ ಬೆಳಿಗ್ಗೆ ನನ್ನ ಮನೆಗೆ ಬಾ ತಾಯಿ" ಎಂದು ಕರೆಯುತ್ತಿದ್ದಾಗ, ಏರಿಯ ಕೆಳಗೆ ಎಮ್ಮೆಯ ಮೈ ತೊಳೆಯುತ್ತಿದ್ದವನು ಚಿಕ್ಕಣ್ಣ.

ಚಿಕ್ಕಣ್ಣ ಸುಳ್ಳು ಹೇಳುವವನಲ್ಲ. ಕಂಡದ್ದನ್ನು ಕಂಡ ಹಾಗೆಯೇ ಹೇಳುವವನು. ಒಂದೇ ದೋಷವೆಂದರೆ, ಕಂಡ ಕೂಡಲೇ ಹೇಳಬೇಕು, ಮತ್ತು ಎಲ್ಲರಿಗೂ ಹೇಳಬೇಕು. ಎಮ್ಮೆಯನ್ನು ಅರ್ಧ ತೊಳೆದು ಹಾಗೆಯೇ ಬಿಟ್ಟು ಓಡಿದ. ಅರ್ಧ ಕಪ್ಪು ಅರ್ಧ ಕೆಸರಾಗಿದ್ದ ಆ ಎಮ್ಮೆ ಒಂದು ತಾಸಿನ ಮೇಲೆ ತಾನೇ ಮನೆ ಸೇರಿತು. ಅಷ್ಟರಲ್ಲಿ ಸುದ್ದಿ ಅದಕ್ಕಿಂತ ಮುಂದೆ ಎಲ್ಲ ಮನೆಗಳನ್ನೂ ಸೇರಿಯಾಗಿತ್ತು.

ಮರುದಿನ ಬೆಳಿಗ್ಗೆ ರುದ್ರಸ್ವಾಮಿ ಇನ್ನೊಂದು ಕೆಲಸ ಮಾಡಿದ. ಮನೆ ಮುಂದೆ ನೆಡುವ ಗಿಡಗಳಿಗೆ ಮಗ್ಗುಲಿನಿಂದ ಬಿಸಿಲು ಬೇಕಾಗಿತ್ತು. ಅಲ್ಲಿ ಬೆಳೆದಿದ್ದ ಲಕ್ಕಿ ಬೇಲಿಯನ್ನು ಮೊಣಕಾಲೆತ್ತರಕ್ಕೆ ಸವರಿ ಹಾಕಿದ.

ಪುಟ್ಟಮಲ್ಲಮ್ಮ ಎದೆ ಹೊಡೆದುಕೊಂಡು ಹೊರಗೆ ಬಂದಳು. "ಲೇ ರುದ್ರ! ಬಾಣಂತಿ ನೀರಿಗೆ ಲಕ್ಕಿ ಸೊಪ್ಪು ಬೇಕು ಕಣೋ! ಸೊಸೆ ಬರೋ ಹೊತ್ತಿಗೆ ಬೇಲಿ ತುಂಬ ಬೆಳ್ಸಿದ್ದೀನಿ, ಕಡ್ದು ಹಾಕುದ್ಯಲ್ಲೋ! ಇದೇನ್ ಇದು, ಎಕ್ಕ? ಊರ್ನೋರೆಲ್ಲ ಎಕ್ಕುಟ್ಟೋಗ್ಲಿ ಅಂತ ಬಾಯಲ್ಲಿ ಬೈತಾರೆ. ನೀನು ಯಾರ್ಗೂ ಶ್ರಮ ಬ್ಯಾಡ ಅಂತ ಬುಡ ಸಮೇತ ತಂದು ನೆಡ್ತಿದ್ದೀಯಾ?"

"ಅವ್ವ, ಚಿಗುರು ಬರೋಗಂಟ ಏನೂ ಕೇಳ್ಬ್ಯಾಡ."

"ಯಾಕ್ ನೆಟ್ಟೆ, ಅಷ್ಟು ಹೇಳು."

"ಎಲ್ಲ ನೀಲಾಂಬಿಕೆಗೋಸ್ಕರ," ಎಂದು ಬಾಯಿ ಬಿಗಿದುಕೊಂಡ.

ತಾಯಿ ಕಡಿದ ಲಕ್ಕಿಯನ್ನು ಒಂದೊಂದಾಗಿ ಆರಿಸಿ, ಕಣ್ಣೀರು ಹಾಕುತ್ತ ಅಂಗಳದ ಮೂಲೆಯಲ್ಲಿ ಒಟ್ಟಿದಳು. ಬೇಲಿಯಾಚೆ ನಿಂತವರಿಗೆ ಎಲ್ಲವೂ ಸ್ಪಷ್ಟವಾಯಿತು. ಬಾಣಂತಿಯ ಗಿಡ ಕಡಿದ, ಮದುವೆಯ ಗಿಡ ನೆಟ್ಟ. ಇದಕ್ಕಿಂತ ಹೆಚ್ಚಿನ ಸಾಕ್ಷಿ ಕೋರ್ಟು ಕೂಡ ಕೇಳಲಾರದು. ಒಂದು ಸಂಶಯ ಮಾತ್ರ ಊರನ್ನು ಕೊರೆಯಿತು. ಮೂರನೆಯ ಮದುವೆಗೆ ಶಾಸ್ತ್ರ ಹೇಳುವುದು ಒಂದು ಎಕ್ಕ. ಐದು ಯಾಕೆ?

"ಗಟ್ಟಿಗ ಕಣ್ಲಾ," ಎಂದ ಚಿಕ್ಕಣ್ಣ, ಅರಳಿಕಟ್ಟೆಯ ಮೇಲೆ. "ಬೆಲ್ಲಾನೇ ಸಗಟಿಗೆ ತರೋನು, ಎಡ್ತೀರ್ನ ಬುಡ್ತಾನಾ?"

ಊರ ಪಟೇಲರಿಗೆ ಇದು ಊರಿನ ಮರ್ಯಾದೆಯ ಪ್ರಶ್ನೆಯಾಯಿತು. ಮದುವೆಯ ಹೊಸ ಕಾಯಿದೆ ಬಂದು ಆಗಷ್ಟೆ ವರ್ಷವಾಗಿತ್ತು. ಅವರು ರುಮಾಲು ಸುತ್ತಿಕೊಂಡು, ಬೆತ್ತ ಹಿಡಿದು ಅಂಗಡಿಗೆ ಬಂದರು.

"ಏನಯ್ಯ, ಪೇಪರ್ ಓದೋನು ನೀನು. ಒಬ್ಬಳು ಇರೋವಾಗ ಇನ್ನೊಬ್ಬಳನ್ನ ತರೋ ಹಂಗಿಲ್ಲ ಅಂತ ಕಾಯಿದೆ ಬಂದದೆ. ಗೊತ್ತಾ?"

"ಗೊತ್ತು ಬುಡಿ ಪಟೇಲ್ರೆ."

"ಗೊತ್ತಿದ್ದೂ ಐದು ನೆಟ್ಟಿದ್ದೀಯಾ?"

"ಗಿಡ ನೆಡಬಾರ್ದು ಅಂತ ಕಾಯಿದೇಲಿ ಎಲ್ಲದೆ ಪಟೇಲ್ರೆ?" ಎಂದು ರುದ್ರಸ್ವಾಮಿ ಮುಗ್ಧವಾಗಿ ಕೇಳಿದ.

ಪಟೇಲರು ಬೆತ್ತದ ಮೇಲೆ ಗದ್ದವಿಟ್ಟು ಬಹಳ ಹೊತ್ತು ಯೋಚಿಸಿದರು. ಕಾಯಿದೆಯಲ್ಲಿ ಹೆಣ್ಣಿನ ವಿಷಯವಿತ್ತು, ಗಿಡದ ವಿಷಯವಿರಲಿಲ್ಲ. ಕೊನೆಗೆ, ಒಬ್ಬ ಗೃಹಸ್ಥನು ಐದು ಗಿಡಗಳನ್ನು ಏಕಕಾಲಕ್ಕೆ ವರಿಸುವುದು ಕಾಯಿದೆಗೆ ಒಳಪಡುತ್ತದೆಯೇ ಇಲ್ಲವೇ ತಿಳಿಸಬೇಕೆಂದು ಮೇಲಿನ ಕಚೇರಿಗೆ ಒಂದು ಅರ್ಜಿ ಬರೆಸಿದರು.

ಅದೇ ವಾರ ಕೆ.ಆರ್. ನಗರದ ಕಡೆಯಿಂದ ನಂಜಣ್ಣನೆಂಬ ಮದುವೆ ದಲ್ಲಾಳಿ ಕೊಡೆ ಊರುತ್ತ ಬಂದ. ಜಗಲಿಯ ಮೇಲೆ ಕೂತು ಅಂಗಳದ ಎಕ್ಕಗಳನ್ನು ಎಣಿಸಿ, ಸಮಾಧಾನದಿಂದ ತಲೆಯಾಡಿಸಿದ.

"ಐದು ಜಾತಕ ತಂದಿಲ್ಲ ರುದ್ರಣ್ಣ, ಎರಡು ತಂದಿದ್ದೀನಿ. ಮೊದಲ್ನೇ ಹೆಣ್ಣು ಬಣ್ಣ ಸ್ವಲ್ಪ ಕಮ್ಮಿ, ಆದ್ರೆ ಮೂರು ಎಕರೆ ನೀರಾವರಿ. ಎರಡ್ನೇದು ಗಟ್ಟಿ ಮೈಕಟ್ಟು. ಅವಳನ್ನ ನೋಡಿದ್ರೆ ಚಳಿಜ್ವರಕ್ಕೇ ಚಳಿ ಬತ್ತದೆ."

ತಾನು ಮಾಡಿದ್ದು ಊರಿಗೆ ಹೇಗೆ ಕಂಡಿದೆಯೆಂಬುದು ಆಗಲೇ ರುದ್ರಸ್ವಾಮಿಗೆ ಹೊಳೆದದ್ದು. ಬಾಯಿ ತೆರೆದ. ಮುತ್ತಿಯ ಮಾತು ನೆನಪಾಯಿತು. ಮುಚ್ಚಿದ. ಮತ್ತೆ ತೆರೆದ.

"ಚಿಗುರು ಬರೋಗಂಟ ನಾನು ಏನೂ ಹೇಳೋ ಹಂಗಿಲ್ಲ ನಂಜಣ್ಣ."

"ಬುಡಿ, ಅವಸರ ಏನಿಲ್ಲ. ಚಿಗುರು ಬರ್ಲಿ, ನಾನೂ ಬತ್ತೀನಿ," ಎಂದು ನಂಜಣ್ಣ ಕೊಡೆ ಊರುತ್ತ ಹೋದ.

ಇತ್ತ ಚಿಗುರು ಬರುವ ಸೂಚನೆಯೇ ಇರಲಿಲ್ಲ. ರುದ್ರಸ್ವಾಮಿ ಬೆಳಿಗ್ಗೆ ಎದ್ದರೆ ಎಕ್ಕದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಎಲೆಯೆಲೆಯನ್ನೂ ತಿರುಗಿಸಿ ನೋಡುತ್ತಿದ್ದ. ಬೇರು ಅರ್ಧ ಕಿತ್ತುಬಂದಿದ್ದ ಆ ಗಿಡಗಳು ದಿನದಿನಕ್ಕೂ ತಲೆ ಬಾಗಿಸುತ್ತಿದ್ದವು. ನೀರು ಹಾಕಿದ, ಗೊಬ್ಬರ ಹಾಕಿದ, ಮಕ್ಕಳು ತುಳಿಯದಂತೆ ಸುತ್ತ ನಾಲ್ಕು ಬಿದಿರು ನೆಟ್ಟು ಮೇಲೆ ತೆಂಗಿನ ಗರಿ ಹೊದಿಸಿದ. "ಚಪ್ಪರ ಎದ್ದದೆ!" ಎಂಬ ಸುದ್ದಿ ಅಂದೇ ಹೊಗೆಸೊಪ್ಪಿನ ಗಾಡಿಗಳ ಜೊತೆ ಹುಣಸೂರಿಗೆ ಹೊರಟಿತು. ಹುಣಸೂರಿನಲ್ಲಿ ಅದಕ್ಕೆ ವಾಲಗದವರು ಸೇರಿದರು. ಕಂಪಲಾಪುರದ ಮಹದೇವಪ್ಪನವರ ಜಗಲಿಯನ್ನು ಮುಟ್ಟುವ ಹೊತ್ತಿಗೆ ಲಗ್ನ ಗೊತ್ತಾಗಿ, ಅಡಿಗೆಯವರಿಗೆ ಎಲೆಅಡಿಕೆಯನ್ನೂ ಕೊಟ್ಟಾಗಿತ್ತು.

ಎರಡನೆಯ ವಾರದ ಸಂತೆಯ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಮಹದೇವಪ್ಪನವರೂ, ಮಗುವನ್ನು ಎತ್ತಿಕೊಂಡು ನೀಲಾಂಬಿಕೆಯೂ ಹಂಪಾಪುರದಲ್ಲಿ ಇಳಿದು ಬಾಡಿಗೆ ಗಾಡಿ ಹಿಡಿದರು. ಗಾಡಿಯ ಹಿಂದೆ ಸಂತೆಯ ಅರ್ಧ ಜನ ಬಂದರು. ಚಿಕ್ಕಣ್ಣ ಮಾರಲು ತಂದಿದ್ದ ಈರುಳ್ಳಿಯನ್ನು ಅಲ್ಲಿಯೇ ಬಿಟ್ಟು ಬಂದ.

ನೀಲಾಂಬಿಕೆ ಗಂಡನ ಮುಖ ನೋಡಲಿಲ್ಲ. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಸೆರಗು ಬಿಗಿದು, ಚಪ್ಪರದ ಮುಂದೆ ನಿಂತು ಬೆರಳು ಮಾಡಿ ಎಣಿಸಿದಳು.

"ಒಂದು, ಎರಡು, ಮೂರು, ನಾಲ್ಕು, ಐದು. ಹೆಸರು ಹೇಳಿ. ಯಾರು ನಂಗೆ ಅಕ್ಕ, ಯಾರು ತಂಗಿ ಅಂತ ಗೊತ್ತಾಗ್ಲಿ. ಕರಿಯೋಕೆ ಬೇಕಲ್ಲ!"

ರುದ್ರಸ್ವಾಮಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಎಕ್ಕವನ್ನು ತೋರಿಸಿದ, ಮಗುವನ್ನು ತೋರಿಸಿದ, ಸೊಳ್ಳೆ ಹೊಡೆಯುವವನಂತೆ ತೋಳಿನ ಮೇಲೆ ಪಟಾರನೆ ಬಡಿದುಕೊಂಡ.

"ಏನಂತೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ತೋಳಲ್ಲಿ ಶಕ್ತಿ ಅದೆ, ಐದ್ ಜನಾನೂ ಸಾಕ್ತೀನಿ ಅಂತಾವ್ನೆ," ಎಂದು ಚಿಕ್ಕಣ್ಣ ವಿವರಿಸಿದ.

ಮಹದೇವಪ್ಪನವರ ಮುಖ ಕೆಂಪಾಯಿತು. "ಸಾಕು ಬಾರಮ್ಮ. ಸೊಳ್ಳೆಗೆ ಹೆದರ್ತಿದ್ದೆ ನಾನು. ಸೊಳ್ಳೇನೇ ವಾಸಿ, ಕಚ್ಚೋ ಮುಂಚೆ ಗುಯ್ಯಂತದೆ. ಇವನು ಸದ್ದೇ ಇಲ್ದಂಗೆ ಕಚ್ದ. ಗಾಡಿ ತಿರುಗ್ಸಪ್ಪ, ಸಂಜೆ ಬಸ್ಸಿಗೆ ವಾಪಸ್. ಇನ್ನು ಈ ಹೊಸ್ತಿಲು ನಮಗೆ ಬ್ಯಾಡ."

ಗಾಡಿಯವನು ನೊಗ ಎತ್ತಿದ. ರುದ್ರಸ್ವಾಮಿ ಐದು ಎಕ್ಕಗಳನ್ನೂ ಒಂದು ಸುತ್ತು ನೋಡಿದ. ಒಂದರಲ್ಲಿಯೂ ಚಿಗುರಿಲ್ಲ. ಮಾತಾಡಿದರೆ ಮದ್ದು ಕೆಡುತ್ತದೆ, ಸೊಳ್ಳೆ ಉಳಿಯುತ್ತದೆ, ಮಗು ಈ ಮನೆಯಲ್ಲಿ ಇರುವಂತಿಲ್ಲ. ಮಾತಾಡದಿದ್ದರೆ ಇನ್ನು ಅರ್ಧ ಗಳಿಗೆಗೆ ಹೆಂಡತಿಯೂ ಇಲ್ಲ, ಮಗುವೂ ಇಲ್ಲ. ಇಷ್ಟು ವರ್ಷ ಎಲ್ಲರ ಮಾತನ್ನೂ ತಾನೇ ಮುಗಿಸುತ್ತಿದ್ದವನಿಗೆ ತನ್ನ ಒಂದು ಮಾತನ್ನು ಆರಂಭಿಸುವ ದಾರಿ ಕಾಣಲಿಲ್ಲ.

"ಯಾಕ್ ಬುದ್ದೀ, ಜನ ಸೇರವ್ರೆ? ಗುಡೀಲಿ ಇರ್ಬೇಕಾದ ಗಿಡವ ಅಂಗಳಕ್ಕೆ ತಂದಿದ್ದೀರಿ?"

ಮುತ್ತಿ. ತಲೆಯ ಮೇಲೆ ಜೇನಿನ ಗಡಿಗೆ.

ರುದ್ರಸ್ವಾಮಿ ಅವಳ ಬಳಿಗೆ ಓಡಿ ಪಿಸುಗುಟ್ಟಿದ: "ನೀನೇ ಹೇಳಿದ್ದಲ್ಲ ಮುತ್ತವ್ವ! ದಾರ ಕಟ್ಟಿದೆ, ಕರೆದೆ, ಐದು ನೆಟ್ಟೆ, ಬಾಯಿ ಬುಡಲಿಲ್ಲ. ಚಿಗುರೇ ಬರ್ತಿಲ್ಲ."

ಮುತ್ತಿ ಎಕ್ಕಗಳನ್ನು ನೋಡಿದಳು, ರುದ್ರಸ್ವಾಮಿಯನ್ನು ನೋಡಿದಳು. ಗಡಿಗೆಯನ್ನು ಕೆಳಗಿಳಿಸಿದಳು, ಏಕೆಂದರೆ ಬರುತ್ತಿದ್ದ ನಗುವಿಗೆ ಅದು ಉಳಿಯುವಂತಿರಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೇಳಿದಳು: "ಅಲ್ಲ ಬುದ್ದೀ, ಎಲೆ ಎಂಗಿರ್ತದೆ ಅಂತ ಯೋಳ್ತಿದ್ನಲ್ಲ, ಅದು ಎಂಗಿರ್ತದೆ? ಗೊತ್ತಾ?"

ಇಡೀ ಊರು 'ಗೊತ್ತು ಬುಡು' ಎಂಬುದನ್ನು ಕೇಳಲು ಕಿವಿಯೊಡ್ಡಿ ನಿಂತಿತ್ತು.

ರುದ್ರಸ್ವಾಮಿ ನೀಲಾಂಬಿಕೆಯ ಕಡೆ ನೋಡಿದ. ಮಗುವಿನ ಕಡೆ ನೋಡಿದ. "ಗೊತ್ತಿಲ್ಲ," ಎಂದ. "ನಂಗೆ ಗೊತ್ತಿಲ್ಲ ಮುತ್ತವ್ವ. ಈ ಸಲ ಪೂರ್ತಿ ಹೇಳು. ನಾನು ಬಾಯಿ ಹಾಕಾಕಿಲ್ಲ."

ಪಟೇಲರು ರುಮಾಲು ತೆಗೆದರು. ಮೂವತ್ತು ವರ್ಷದ ಪಟೇಲಿಕೆಯಲ್ಲಿ ಇಂಥದ್ದನ್ನು ಕಂಡಿರಲಿಲ್ಲವೆಂದು ಅವರು ಆಮೇಲೆ ಹೇಳುತ್ತಿದ್ದರಂತೆ. ಪುಟ್ಟಮಲ್ಲಮ್ಮ ಮಗುವಿಗೆ, "ಕೇಳುಸ್ತಾ ನಿಮ್ಮಪ್ಪ ಅಂದಿದ್ದು?" ಎಂದಳು.

ಮುತ್ತಿ ಅಂಗಳದ ಮೂಲೆಗೆ ಹೋಗಿ, ಪುಟ್ಟಮಲ್ಲಮ್ಮ ಒಟ್ಟಿದ್ದ ರಾಶಿಯಿಂದ ಒಂದು ಎ‌ಲೆಯನ್ನು ಕಿತ್ತು ತಂದಳು. ಬಲಗೈಯ ಐದೂ ಬೆರಳುಗಳನ್ನು ಅಗಲಿಸಿ, ಎಲೆಯನ್ನು ಅಂಗೈ ಮೇಲಿಟ್ಟಳು. ಒಂದೇ ತೊಟ್ಟಿನಿಂದ ಹೊರಟ ಐದು ಎಸಳುಗಳು ಅವಳ ಐದು ಬೆರಳುಗಳ ಮೇಲೆ ಒಂದೊಂದಾಗಿ ಕೂತವು. ಮಗುಚಿದಳು. ಎಲೆಯ ಬೆನ್ನು ಬೂದಿ ಬಳಿದಂತೆ ಬೆಳ್ಳಗಿತ್ತು. ಉಜ್ಜಿ ರುದ್ರಸ್ವಾಮಿಯ ಮೂಗಿಗೆ ಹಿಡಿದಳು. ಘಾಟು ನೆತ್ತಿಗೇರಿತು.

"ಲಕ್ಕಿ!" ಎಂದು ಚಿಕ್ಕಣ್ಣ ಕೂಗಿಯೇಬಿಟ್ಟ.

"ನಾನಂತೂ ಹೆಸರು ಯೋಳ್ನಿಲ್ಲ," ಎಂದು ಮುತ್ತಿ ಕೈ ಒದರಿದಳು. "ದೂರ ಓಗ್ಬ್ಯಾಡಿ, ನಿಮ್ಮ ಮಗ್ಗುಲ ಬೇಲೀಲೇ ಅದೆ, ಅದ್ರ ಕಡ್ಡಿ ತಂದು ಮುಂದಕ್ಕೂ ನೆಡಿ ಅನ್ನೋದ್ರೊಳ್ಗೆ ಈ ಬುದ್ದಿ ನನ್ನ ಸಂತೆಗೆ ಅಟ್ಬುಟ್ರು."

"ಆ ಬೇಲೀನೇ ಕಡಿದುಬುಟ್ಟೆನಲ್ಲ ಮುತ್ತವ್ವ!" ಎಂದ ರುದ್ರಸ್ವಾಮಿ ಅಳುವ ದನಿಯಲ್ಲಿ. "ಚಿಗುರೂ ಇಲ್ಲ, ಬೇಲೀನೂ ಇಲ್ಲ!"

"ಚಿಗುರು ಎಲ್ಲಿ ಅಂತ ನೋಡ್ತಿದ್ದೀರಿ? ಆ ಕಡೆ ನೋಡಿದ್ರೆ ಎಂಗೆ ಬುದ್ದೀ, ಈ ಕಡೆ ತಿರುಗಿ."

ರುದ್ರಸ್ವಾಮಿ ತಿರುಗಿದ. ಊರೂ ತಿರುಗಿತು. ಮೊಣಕಾಲೆತ್ತರಕ್ಕೆ ಕಡಿದಿದ್ದ ಲಕ್ಕಿಯ ಮೋಟುಗಳ ಮೈಯೆಲ್ಲ ಎಳೆ ಚಿಗುರು. ಹತ್ತು ಹನ್ನೆರಡು ದಿನ ಎಕ್ಕದ ಮುಂದೆ ಕೂತಿದ್ದವನ ಬೆನ್ನಿಗೇ ಅದು ಬೆಳೆದಿತ್ತು.

ಕಟ್ಟುಪಾಡು ಮುಗಿದಿತ್ತು. ರುದ್ರಸ್ವಾಮಿಯ ಬಾಯಿ ತೆರೆಯಿತು. ಅಷ್ಟು ದಿನ ಕಟ್ಟಿಹಾಕಿದ್ದ ಮಾತೆಲ್ಲ ತೂಬು ಕಿತ್ತ ಕೆರೆಯಂತೆ ಹರಿಯಿತು. ಚೆಂಡುಹೂ, ಮೇಕೆ, ಮಜ್ಜಿಗೆ ಹುಲ್ಲು, ಅಯ್ಯನವರು, ಮುತ್ತಿ, ದಾರ, ಎಕ್ಕ, ನಂಜಣ್ಣನ ಎರಡು ಜಾತಕ, ಒಂದನ್ನೂ ಬಿಡದೆ ಹೇಳಿದ. ಯಾರೂ ನಡುವೆ ಬಾಯಿ ಹಾಕಲಿಲ್ಲ.

ನೀಲಾಂಬಿಕೆ ಕೊನೆಗೆ ಕೇಳಿದಳು: "ಹಂಗಾದ್ರೆ ಈ ಐದು ಜನ... ಸೊಳ್ಳೆಗಾ?"

"ಸೊಳ್ಳೆಗಲ್ಲ. ನಿಂಗೆ. ಮಗೀಗೆ."

ಅವಳು ಮುಖ ತಿರುಗಿಸಿಕೊಂಡಳು. ಹೆಗಲು ಅಲುಗುತ್ತಿತ್ತು. ಅತ್ತಳೋ ನಕ್ಕಳೋ ಎಂಬುದರಲ್ಲಿ ಪಾಠಭೇದವಿದೆ. ಗಾಡಿಯಿಂದ ತನ್ನ ಗಂಟನ್ನು ಇಳಿಸಿದಳೆಂಬುದರಲ್ಲಿ ಇಲ್ಲ.

"ಅವಸರ ಪಡಬ್ಯಾಡ," ಎಂದರು ಮಹದೇವಪ್ಪನವರು. "ಗಿಡ ಯಾವ್ದಾದ್ರೂ ಇರ್ಲಿ. ಸೊಳ್ಳೆ ಹೋಗ್ತದೋ ಇಲ್ವೋ ನಾನು ಕಣ್ಣಾರೆ ನೋಡಬೇಕು." ಅಳಿಯನ ಮಾತು ಮುಗಿಯುವುದರೊಳಗೆ ಬಸ್ಸು ಹೋಗಿಬಿಟ್ಟಿತ್ತಾದ್ದರಿಂದ ನೋಡುವುದಕ್ಕೆ ಅವರಿಗೆ ಪುರಸೊತ್ತೂ ಇತ್ತು.

ದೀಪ ಹಚ್ಚುವ ಹೊತ್ತಿಗೆ ಪುಟ್ಟಮಲ್ಲಮ್ಮ ಬಾಣಲೆಯಲ್ಲಿ ಕೆಂಡ ತುಂಬಿ, ಒಣಗಿದ್ದ ಲಕ್ಕಿಯ ಎಲೆ ಉದುರಿಸಿ ಬಾಗಿಲಲ್ಲಿಟ್ಟಳು. ಹೊಗೆ ಜಗಲಿಯಿಂದ ನಡುಮನೆಗೆ, ಅಲ್ಲಿಂದ ಹಿತ್ತಿಲಿಗೆ ಹಾಯಿತು. ಮಹದೇವಪ್ಪನವರು ಅಂಗಿ ಕಳಚಿ, ಬರಿಯ ತೋಳನ್ನು ಲಾಂದ್ರದ ಬೆಳಕಿಗೆ ಚಾಚಿ, ಕನ್ನಡಕ ಹಾಕಿಕೊಂಡು ತನಿಖೆಗೆ ಕೂತರು. ಸುತ್ತ ನಿಂತವರು ಉಸಿರು ಬಿಗಿಹಿಡಿದು ಆ ತೋಳನ್ನೇ ನೋಡಿದರು. ಮುದ್ದೆ ಬೇಯುವ ಹೊತ್ತಿಗೆ ತೋಳಿನ ಮೇಲೆ ಕೂತದ್ದು ಎರಡು ಸೊಳ್ಳೆ. ಅವುಗಳಲ್ಲಿ ಒಂದು ದಾರಿ ತಪ್ಪಿ ಬಂದದ್ದೆಂದು ಪಟೇಲರು ಅಭಿಪ್ರಾಯಪಟ್ಟರು.

ಬೆಳಿಗ್ಗೆ ಮಹದೇವಪ್ಪನವರು ಮೊಮ್ಮಗಳನ್ನು ಮಡಿಲಲ್ಲಿಟ್ಟು ಅಂಗಾಲಿನಿಂದ ನೆತ್ತಿಯವರೆಗೆ ಪರೀಕ್ಷಿಸಿದರು. ಒಂದು ಗುಳ್ಳೆಯೂ ಇರಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು, "ದೀಪಾವಳಿಗಂಟ ಬುಟ್ಟಿರ್ತೀನಿ, ಆಮೇಲೆ ನೋಡಾನ," ಎಂದರು. ಎಂಟು ದೀಪಾವಳಿ ಕಳೆದರೂ ಅವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ತಾವು ಊರಿಗೆ ಹೋಗುವಾಗ ಮಾತ್ರ ಒಂದು ಕಟ್ಟು ಲಕ್ಕಿ ಕಡ್ಡಿಯನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋದರು.

ಆ ತಿಂಗಳಲ್ಲಿಯೇ ಸರ್ಕಾರದ ಮಲೇರಿಯಾ ಇಲಾಖೆಯವರೂ ಬಂದು ಮನೆಮನೆಯ ಗೋಡೆಗೆ ಔಷಧಿ ಹೊಡೆದು ಹೋದರು. ಚಳಿಜ್ವರ ಇಳಿದದ್ದು ಔಷಧಿಯಿಂದಲೋ ಲಕ್ಕಿಯಿಂದಲೋ ಎಂದು ಅರಳಿಕಟ್ಟೆಯ ಮೇಲೆ ಇಂದಿಗೂ ವಾದವಿದೆ. ಎರಡರಿಂದಲೂ ಎನ್ನುವವರು ಕಡಿಮೆ, ಹಾಗೆಂದರೆ ವಾದ ಮುಗಿದುಹೋಗುತ್ತದಲ್ಲ. ಮಗು ಬೆಳೆಯಿತು, ಅಂಗಳದ ಸುತ್ತ ಲಕ್ಕಿ ಬೆಳೆಯಿತು, ಮೇಕೆಗೆ ಎಟುಕದಲ್ಲಿ ಚೆಂಡುಹೂವೂ ಬೆಳೆಯಿತು. ಎಕ್ಕಗಳನ್ನು ಈಶ್ವರನ ಗುಡಿಯ ಹಿಂದಕ್ಕೆ ಸಾಗಿಸಲಾಯಿತು. ಅಲ್ಲಿ ಅವು ಒಂದೇ ವಾರದಲ್ಲಿ ಚಿಗುರಿದವು.

ಪಟೇಲರ ಅರ್ಜಿಗೆ ಮೇಲಿನ ಕಚೇರಿಯಿಂದ ಆರು ತಿಂಗಳ ಮೇಲೆ ಉತ್ತರ ಬಂತು. ಐದು ಗಿಡಗಳ ವಿಷಯವು ಈ ಕಚೇರಿಗೆ ಸೇರಿದ್ದಲ್ಲವೆಂದೂ, ಅರಣ್ಯದವರಿಗೆ ಬರೆದುಕೊಳ್ಳತಕ್ಕದ್ದೆಂದೂ ಅದರಲ್ಲಿತ್ತು. ಪಟೇಲರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಅದಾದ ಮೇಲೆ ಒಂದು ಸಂಜೆ ಚಿಕ್ಕಣ್ಣ ಅಂಗಡಿಗೆ ಬಂದ. ಅವನ ಸೊಸೆ ಬಾಣಂತನ ಮುಗಿಸಿ ಮಗುವಿನೊಂದಿಗೆ ಬಂದಿದ್ದಳು. ಅಂಗಡಿಯ ಮುಂದೆ ಎಮ್ಮೆಯನ್ನು ನಿಲ್ಲಿಸಿ, "ರುದ್ರಣ್ಣ, ಸೊಳ್ಳೆಗೆ ಹೊಗೆ ಹಾಕಾದು ಗೊತ್ತು. ಮಗೀನ ಕೆಮ್ಮಿಗೆ ಮುತ್ತಿ ನಿಂಗೆ ಇನ್ನೊಂದು ಸೊಪ್ಪು ತೋರ್ಸಿದ್ಲಂತಲ್ಲ, ಅದ್ಯಾವ್ದು?" ಎಂದ.

ರುದ್ರಸ್ವಾಮಿ ತಕ್ಕಡಿಯನ್ನು ಕೆಳಗಿಟ್ಟ. ಹೆಸರು ಹೇಳುವಂತಿರಲಿಲ್ಲ. "ಪೂರ್ತಿ ಕೇಳ್ಕೊ ಚಿಕ್ಕಣ್ಣ. ಎಲೆ ದಪ್ಪ. ಅಂಚು ಕಚ್ಚುಕಚ್ಚಾಗಿರ್ತದೆ. ಮುರಿದ್ರೆ..."

"ಗೊತ್ತಾಯ್ತು ಬುಡು!" ಎಂದು ಚಿಕ್ಕಣ್ಣ ಎಮ್ಮೆಯ ಹಗ್ಗ ಹಿಡಿದು ನಡೆದೇಬಿಟ್ಟ.

ಬೆಲ್ಲಕ್ಕೆ ಕಾದಿದ್ದವರನ್ನು ಅಲ್ಲಿಯೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ರುದ್ರಸ್ವಾಮಿ ಬೀದಿಗೆ ಹಾರಿದ. ಎಮ್ಮೆಯ ಹಿಂದೆ ಚಿಕ್ಕಣ್ಣ, ಚಿಕ್ಕಣ್ಣನ ಹಿಂದೆ ಎರಡೂ ಕೈ ಎತ್ತಿ, "ನಿಂಗೆ ಗೊತ್ತಿಲ್ಲ ಕಣ್ಲಾ! ನಿಂತ್ಕೋ, ನಿಂಗೆ ಗೊತ್ತಿಲ್ಲ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತ ರುದ್ರಸ್ವಾಮಿ. ಕೆರೆ ಏರಿಯ ಹತ್ತಿರ ಹಿಡಿದನೆಂದು ಹಂಪಾಪುರದವರು ಹೇಳುತ್ತಾರೆ.